ಆಣೆ ಹಾಕಿದವರ ಪಾಸ್‌ವರ್ಡ್

ಮೊನ್ನೆ ಒಂದು ಮದುವೆ ಊಟಕ್ಕೆಂದು ಗಂಗೊಳ್ಳಿಗೆ ಹೋಗಿದ್ದೆ. ಬಂದರಿನ ರಸ್ತೆಯಲ್ಲಿ ಎದುರಿನಿಂದ ಮೀನಿನ ಲಾರಿ ಬಂದದ್ದರಿಂದ ನಮ್ಮ ರಿಕ್ಷಾ ಬದಿಗೆ ನಿಂತಿತು. ನಿಂತದ್ದು ಐಸ್ ಪ್ಲಾಂಟಿನ ಗೋಡೆಯ ಪಕ್ಕ. ಒಳಗಿನಿಂದ ಅಮೋನಿಯದ ವಾಸನೆ ಬಂತು, ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ತರಿಸುವ ವಾಸನೆ. ಜೊತೆಗಿದ್ದ ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯಲ್ಲಿ ಇಡೀ ಒಂದು ಮಳೆಗಾಲ ಕೂತು ಕೆಲಸ ಮಾಡಿದವಳು ನಾನು, ಅಷ್ಟು ಹೆದರಿಕೊಂಡು ಬೇರೆ ಯಾವ ಮಳೆಗಾಲವನ್ನೂ ಕಳೆದಿಲ್ಲ. "ಎಂತ ಆಯ್ತೇ?" ಎಂದು ಅತ್ತಿಗೆ ಕೇಳಿದರು. ಏನಿಲ್ಲ ಎಂದೆ. ಮದುವೆ ಮನೆಯಲ್ಲಿ ಊಟ ಸೇರಲಿಲ್ಲ.

ಮೊಬೈಲು ಎಲ್ಲರ ಕೈಗೂ ಬಂದು, ಇಂಟರ್ನೆಟ್ಟು ಮಾತ್ರ ಇನ್ನೂ ಆಫೀಸಿನ ಮೇಜಿನ ಮೇಲೇ ಕೂತಿದ್ದ ಕಾಲ ಅದು. ಬ್ರಹ್ಮಾವರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ನನಗೆ ಗಂಗೊಳ್ಳಿಯಲ್ಲಿ ವಾಸುದೇವಣ್ಣನ ಮೀನು ರಫ್ತಿನ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೆಮ್ಮಾಡಿಯ ನಮ್ಮ ಮನೆಯಿಂದ ಒಂದು ಬಸ್ಸಿನ ದಾರಿ. ವಾಸುದೇವಣ್ಣನ ತಂದೆ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆದವರು. ಮಗನ ಕಾಲಕ್ಕೆ ಬೋಟುಗಳಾದವು, ಐಸ್ ಪ್ಲಾಂಟ್ ಆಯಿತು, ಬೊಂಡಾಸ ಮೀನನ್ನು ಹೆಪ್ಪುಗಟ್ಟಿಸಿ ಕಂಟೈನರಿನಲ್ಲಿ ಹೊರದೇಶಕ್ಕೆ ಕಳಿಸುವ ವ್ಯಾಪಾರವಾಯಿತು. ಹೊರದೇಶದವರು ಮೀನು ಕೊಳ್ಳುವುದು ಇಮೇಲಿನಲ್ಲಿ. ಅವರಲ್ಲೊಬ್ಬ, ಪುಕ್ಕಟೆ ಸಿಗುವ ಇಮೇಲ್ ವಿಳಾಸ ಇಟ್ಟುಕೊಂಡ ಕಂಪನಿಯನ್ನು ನಂಬುವುದು ಹೇಗೆ ಎಂದು ಕೇಳಿದನಂತೆ. ವಾಸುದೇವಣ್ಣನಿಗೆ ಅದು ಚುಚ್ಚಿತು. ಮುಂಬೈಯಲ್ಲಿ ಹೋಟೆಲು ನಡೆಸುವ ಭಾವನಿಗೆ ಹೇಳಿ ಕಂಪನಿಯದೇ ಹೆಸರಿನ ಮೇಲ್ ಸರ್ವರ್ ತರಿಸಿಬಿಟ್ಟರು.

ಕಂಪನಿಗೆ ಬರುವ ಹೋಗುವ ಇಮೇಲುಗಳೆಲ್ಲ ಆ ಒಂದು ಡಬ್ಬಿಯನ್ನು ಹಾದೇ ಹೋಗಬೇಕು. ಊರಿನ ಅಂಚೆ ಕಚೇರಿ ಇದ್ದ ಹಾಗೆ ಅನ್ನಿ. ಅದಕ್ಕೆ ನಾನೇ ಪೋಸ್ಟ್‌ಮಾಸ್ಟರ್, ನಾನೇ ಕಾವಲಿನವಳು. ಡಬ್ಬಿಯನ್ನು ಇಟ್ಟದ್ದು ಐಸ್ ಪ್ಲಾಂಟಿನ ಮಾಳಿಗೆಯ ಕೋಣೆಯಲ್ಲಿ. ಯಾಕೆಂದರೆ ಜನರೇಟರ್ ಇದ್ದದ್ದು ಅಲ್ಲಿ. ಊರಿಗೆಲ್ಲ ಕರೆಂಟ್ ಹೋದರೂ ಮೀನಿಗೆ ಹೋಗುವ ಹಾಗಿಲ್ಲವಲ್ಲ, ಮೀನಿನ ಋಣದಲ್ಲಿ ನಮ್ಮ ಸರ್ವರ್ ಕೂಡ ಬದುಕಿಕೊಂಡಿತ್ತು. ಕೆಳಗೆ ಐಸ್ ಒಡೆಯುವ ಯಂತ್ರ ಗಡಗಡ ಅನ್ನುವಾಗ ಮೇಲೆ ನನ್ನ ಕುರ್ಚಿಯೂ ನಡುಗುತ್ತಿತ್ತು. ಕಸದ ಮೇಲುಗಳನ್ನು ಸೋಸುವುದು, ದಿನದ ಮೇಲುಗಳ ಪ್ರತಿ ತೆಗೆದಿಡುವುದು, ತುಂಬಿದ ಡಿಸ್ಕಿನಲ್ಲಿ ಜಾಗ ಮಾಡುವುದು ನನ್ನ ಕೆಲಸ. ಅದರ ಜೊತೆಗೆ ಬೆಳಿಗ್ಗೆ ಬಂದ ಕೂಡಲೇ ಹಿಂದಿನ ದಿನ ಯಾರು ಯಾರು ಬಾಗಿಲು ತಟ್ಟಿದ್ದಾರೆ ಎಂದು ನೋಡಬೇಕಿತ್ತು. ತಟ್ಟದ ದಿನವೇ ಇರಲಿಲ್ಲ. ಗಂಗೊಳ್ಳಿಯ ಹೆಸರನ್ನೇ ಕೇಳದವರು ಪ್ರಪಂಚದ ಯಾವುದೋ ಮೂಲೆಯಿಂದ ಒಂದಾದ ಮೇಲೊಂದು ಪಾಸ್‌ವರ್ಡ್ ಊಹಿಸಿ ಬಾಗಿಲು ಅಲುಗಾಡಿಸಿ ಹೋಗುತ್ತಿದ್ದರು. ಮನೆಯಲ್ಲಿ ಹೇಳಿದರೆ ಅಮ್ಮ, "ಮೀನಿನಂಗ್ಡಿ ಬಾಗ್ಲ್ ತಟ್ಟುದ್ ಬೆಕ್ಕ್ ಮಾತ್ರ ಮಾರಾಯ್ತಿ" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಕಂಪನಿಯಲ್ಲಿ ಮೇಲ್ ವಿಳಾಸ ಇದ್ದದ್ದು ಮೂವರಿಗೆ. ಒಬ್ಬರು ವಾಸುದೇವಣ್ಣ. ಅವರು ಆಗಾಗ ಮುಂಬೈಗೆ ಹೋಗುವವರಾದ್ದರಿಂದ ಅಲ್ಲಿಂದಲೂ ಮೇಲ್ ತೆರೆಯುವಂತಿರಬೇಕೆಂದು ಹಟ ಹಿಡಿದು, ಸರ್ವರಿಗೆ ಹೊರಗಿನ ಬಾಗಿಲೊಂದನ್ನು ನನ್ನಿಂದ ತೆಗೆಸಿದ್ದರು. ಇನ್ನೊಬ್ಬಳು ನಾನು. ಮೂರನೆಯವರು ಗಣಪಣ್ಣ. ಬೈಂದೂರಿನವರು, ವಾಸುದೇವಣ್ಣನ ತಂದೆಯ ಕಾಲದಿಂದಲೂ ಇದ್ದವರು, ಹೊರದೇಶದವರಿಗೆ ಇಂಗ್ಲಿಷಿನಲ್ಲಿ ಬರೆಯುವ ಕೆಲಸವೆಲ್ಲ ಅವರದೇ, ಪ್ರತಿ ವಾಸುದೇವಣ್ಣನಿಗೂ ಹೋಗುತ್ತಿತ್ತು. ಬರೆದದ್ದನ್ನು ದೊಡ್ಡದಾಗಿ ಓದಿ, "ಕಳ್ಸುದಾ?" ಎಂದು ಗೋಡೆ ಗಡಿಯಾರದಿಂದ ಹಿಡಿದು ಎಲ್ಲರನ್ನೂ ಕೇಳಿಯೇ ಗುಂಡಿ ಒತ್ತುತ್ತಿದ್ದರು. ಯಾವುದನ್ನೂ ಖಂಡಿತ ಎಂದು ಹೇಳಿದವರಲ್ಲ. ಹೊರಗೆ ಮುಸಲಧಾರೆ ಸುರಿಯುತ್ತಿರುವಾಗ "ಮಳಿ ಬತ್ತಾ ಗಣಪಣ್ಣ?" ಎಂದು ಕೀಟಲೆಗೆ ಕೇಳಿದರೂ ಕಿಟಕಿಯ ತನಕ ಹೋಗಿ ನೋಡಿ, "ಬಪ್ಪುಕೂ ಸಾಕ್", ಬಂದರೂ ಬರಬಹುದು, ಎನ್ನುವ ಮನುಷ್ಯ. ನನಗೆ ಅವರೆಂದರೆ ತುಂಬ ಪ್ರೀತಿ. ಅಪ್ಪ ಇಲ್ಲದ ನನ್ನನ್ನು ಮಗಾ ಎಂದು ಕರೆಯುತ್ತಿದ್ದವರು ಆ ಕಟ್ಟಡದಲ್ಲಿ ಅವರೊಬ್ಬರೇ.

ಬೇಸಿಗೆಯ ಕೊನೆಗೆ ನಮ್ಮ ಮೂವರಿಗೂ ಒಂದು ಮೇಲ್ ಬಂತು. ನಿಮ್ಮ ಮೇಲ್ ಪೆಟ್ಟಿಗೆ ತುಂಬಿದೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಬರೆಯಿರಿ, ಇಲ್ಲದಿದ್ದರೆ ಪೆಟ್ಟಿಗೆ ಮುಚ್ಚಿಹೋಗುತ್ತದೆ ಎಂದು. ನೋಡಲು ಸರ್ವರೇ ಕಳಿಸಿದ ಹಾಗಿತ್ತು. ನಾನು ಅದನ್ನು ನೋಡಿದ ಕೂಡಲೇ ಇಬ್ಬರಿಗೂ ಹೇಳಿದೆ, ಅದು ಕಳ್ಳರ ಗಾಳ, ಮುಟ್ಟಬೇಡಿ ಎಂದು. ಗಣಪಣ್ಣ ಹೂಂ ಎಂದರು. ಮುಂಬೈಯಲ್ಲಿದ್ದ ವಾಸುದೇವಣ್ಣ ಫೋನಿನಲ್ಲಿ ಹೂಂ ಎಂದರು. ನಾನು ಹೇಳುವ ಮೊದಲೇ ಯಾರಾದರೂ ಮುಟ್ಟಿದ್ದರೇ ಎಂದು ಕೇಳಿದ್ದಕ್ಕೂ ಇಬ್ಬರೂ ಏನೋ ಹೇಳಿದರು, ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಆಗ ಸೀಸನ್ನಿನ ಕಡೆಯ ಗಡಿಬಿಡಿ.

ಮಳೆ ಹಿಡಿಯಿತು. ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಸರಕಾರದ ನಿಷೇಧ. ಬೋಟುಗಳೆಲ್ಲ ಹೊಳೆಯ ಒಳಗೆ ಬಂದು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ನಿಂತವು. ಮೇಲೆ ತೆಂಗಿನ ಮಡಲಿನ ಮಾಡು ಹಾಕಿದರು. ಬಂದರಿನಲ್ಲಿ ನಾಯಿ, ಕಾಗೆ ಬಿಟ್ಟರೆ ಜನವಿಲ್ಲ. ಹೊಳೆಯ ನೀರು ಕೆಂಪಾಗಿ ಕಡಲಿಗೆ ನುಗ್ಗುತ್ತಿತ್ತು. ಆ ಹೊತ್ತಿಗೆ ಬಂತು ಹೊರದೇಶದ ಫೋನು. ಸೀಸನ್ನಿನ ಕೊನೆಯ ದೊಡ್ಡ ಕಂಟೈನರಿನ ಹಣಕ್ಕೆ ನಾವು ಕಾಯುತ್ತಿದ್ದೆವು. ಅವರು, ಹಣ ಕಳಿಸಿ ಎಷ್ಟೋ ದಿನವಾಯಿತಲ್ಲ, ನೀವೇ ಹೇಳಿದ ಹೊಸ ಬ್ಯಾಂಕಿಗೆ ಎಂದರು.

ನಾವು ಯಾವ ಹೊಸ ಬ್ಯಾಂಕನ್ನೂ ಹೇಳಿರಲಿಲ್ಲ. ಅವರಿಗೆ ಬಂದ ಮೇಲನ್ನು ತರಿಸಿಕೊಂಡು ಓದಿದೆವು. ವಾಸುದೇವಣ್ಣನ ಹೆಸರಿನಲ್ಲಿತ್ತು, ನಮ್ಮ ಸರ್ವರಿನಿಂದಲ್ಲ, ಬೇರೆಲ್ಲಿಂದಲೋ ಹೊರಟದ್ದು. ಹಣದ ವಿಷಯ ಕೊನೆಗೆ ಎರಡೇ ಸಾಲು. ಅದಕ್ಕಿಂತ ಮೊದಲು ಮನೆಯವರ ಕ್ಷೇಮ ಸಮಾಚಾರ. ನಮ್ಮಲ್ಲಿ ಮಳೆ ಈ ಸಲ ಬೇಗ ಬಂತು, ಬೋಟುಗಳು ದಡ ಸೇರಿವೆ, ಮಗ ಪ್ರಶಾಂತನಿಗೆ ಹೆಣ್ಣು ಗೊತ್ತಾಯಿತು. ಎಲ್ಲವೂ ನಿಜ. ಬರೆದ ಧಾಟಿ ಥೇಟ್ ಗಣಪಣ್ಣನದು, ಅವರು ಯಾವಾಗಲೂ ಹಾಕುವ ಒಕ್ಕಣೆ ಸಮೇತ. ಯಾರೋ ನಮ್ಮ ಮೇಲುಗಳನ್ನು ಎಷ್ಟೋ ಕಾಲದಿಂದ ಕೂತು ಓದುತ್ತಿದ್ದರು. ನಮ್ಮ ಮಾತು ಕಲಿತಿದ್ದರು. ನಮ್ಮ ಮಳೆಯ ಸುದ್ದಿಯನ್ನು ನಮಗಿಂತ ಚೆನ್ನಾಗಿ ಬರೆದಿದ್ದರು.

ವಾಸುದೇವಣ್ಣನಿಗೆ ಅದು ಬೇರೆಯೇ ರೀತಿ ಕಂಡಿತು. "ಹೊರದೇಶದ ಕಳ್ಳಂಗೆ ನನ್ನ ಮಗನ ಸಂಬಂಧ ಗೊತ್ತಿಪ್ಪುದ್ ಹ್ಯಾಂಗೆ? ಇದ್ ಒಳಗಿನವ್ರ ಕೆಲ್ಸ" ಎಂದರು. ನಾನು ತಿಳಿಸಿ ಹೇಳಿದೆ: ಮೇಲ್ ಓದಿದವನಿಗೆ ಎಲ್ಲವೂ ಗೊತ್ತಾಗುತ್ತದೆ, ನಮ್ಮ ಮೂವರಲ್ಲಿ ಯಾರದೋ ಪಾಸ್‌ವರ್ಡ್ ಅವನ ಕೈಯಲ್ಲಿದೆ, ಮೊದಲು ಮೂರನ್ನೂ ಬದಲಿಸೋಣ. ಯಾರದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಮ್ಮ ಸರ್ವರ್ ಬಂದವರ ಗುರುತನ್ನು ಕೆಲವೇ ದಿನ ಇಟ್ಟುಕೊಂಡು ಆಮೇಲೆ ಅಳಿಸಿಹಾಕುತ್ತಿತ್ತು, ಅಷ್ಟು ಸಣ್ಣ ಡಿಸ್ಕು. ಹಣ ಕೈಸೇರಿದ ಮೇಲೆ ಕಳ್ಳ ಇತ್ತ ತಲೆಹಾಕಿರಲಿಲ್ಲ.

"ಕಳ್ಳ ಮನಿ ಒಳ್ಗೇ ಇದ್ರೆ ಬೀಗ ಬದಲ್ಸಿ ಎಂತ ಮಾಡುದ್? ಹೊಸ ಕೀಲಿಕೈಯೂ ಅವನ ಕೈಗೇ ಕೊಡ್ಕಲ್ದಾ?" ಎಂದರು ವಾಸುದೇವಣ್ಣ. ಪೊಲೀಸರಿಗೆ ಹೇಳೋಣವೆಂದೆ. ಪೊಲೀಸರು ಬಂದರೆ ಕಂಪನಿಯ ಮರ್ಯಾದೆ ಹೋಗುತ್ತದೆ, ಮೀನು ಕೊಡುವ ಬೋಟಿನವರು ಬೇರೆ ಕಡೆ ಹೋಗುತ್ತಾರೆ ಎಂದರು. ಅವರ ತಲೆಯಲ್ಲಿ ದಾರಿ ಆಗಲೇ ಗೊತ್ತಾಗಿತ್ತು. "ಬೊಬ್ಬರ್ಯನ ಗುಡಿಗೆ ಹೋಪ. ಮೂರೂ ಜನ ಆಣೆ ಹಾಕುವ. ಕೊಡ್ದೇ ಇದ್ದವ್ರಿಗೆ ಎಂತ ಹೆದ್ರಿಕೆ?"

ಬೊಬ್ಬರ್ಯ ನಮ್ಮ ಕಡಲ ಬದಿಯವರ ದೈವ. ಅವನ ಎದುರು ಸುಳ್ಳು ಆಣೆ ಹಾಕಿದವರ ಮನೆ ಉಳಿಯುವುದಿಲ್ಲ ಎಂದು ನಂಬಿಕೆ. ಶಾಪ ಆಣೆ ಹಾಕಿದವನಿಗಲ್ಲ, ಅವನ ಮಕ್ಕಳಿಗೆ, ಬೋಟಿಗೆ ತಾಗುತ್ತದಂತೆ. ಕಂಪ್ಯೂಟರಿನ ಪಾಸ್‌ವರ್ಡಿಗೆ ದೈವದ ಆಣೆಯೇ ಎಂದು ನಗಬೇಕು ಅನಿಸಿತು. ನಗಲಿಲ್ಲ. ಮನೆಯಲ್ಲಿ ಹೇಳಿದಾಗ ಅಮ್ಮನೂ ನಗಲಿಲ್ಲ. "ಸರಿ ನೆನಪ್ ಮಾಡ್ಕೊ ಹೆಣ್ಣೆ, ಯಾರಿಗೂ ಹೇಳ್ಲಿಲ್ಲ ಅಲ್ದಾ?" ಎಂದು ಹೋಗುವ ತನಕವೂ ಕೇಳುತ್ತಲೇ ಇದ್ದಳು.

ಗುಡಿಯ ಮುಂದೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತೆಂಗಿನಕಾಯಿ. ಮಾಡಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. ಗುಟ್ಟಾಗಿರಲಿ ಎಂದುಕೊಂಡಿದ್ದರೂ ಅದು ಹೇಗೋ ಬಂದರಿಗೆಲ್ಲ ಗೊತ್ತಾಗಿ, ಕೊಡೆ ಹಿಡಿದವರು ದೂರದಲ್ಲಿ ಗುಂಪಾಗಿ ನಿಂತಿದ್ದರು. ವಾಸುದೇವಣ್ಣ ಮೊದಲು ಹೋದರು. "ಕಂಪನಿ ಪಾಸ್‌ವರ್ಡ್ ನಾ ಯಾರಿಗೂ ಕೊಡ್ಲಿಲ್ಲ. ಕೊಟ್ಟಿದ್ರೆ ನನ್ನ ಮನಿ ಬೊಬ್ಬರ್ಯ ಕಂಡ್ಕಣ್ಲಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕಾಯಿ ಇಟ್ಟರು. ಆಮೇಲೆ ನಾನು. ಕೊಟ್ಟಿಲ್ಲವೆಂದು ನನಗೆ ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು, ಆದರೂ ಎಲ್ಲೂ ತಪ್ಪದ ಹಾಗೆ ಒಂದೊಂದೇ ಮಾತು ಹೇಳಿ ಕಾಯಿ ಇಟ್ಟೆ. ಗಣಪಣ್ಣನ ಸರದಿ ಬಂತು. ಅವರು ಕಾಯಿಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು.

"ನನ್ನತ್ರ ಆತಿಲ್ಲ ವಾಸುದೇವಣ್ಣ" ಎಂದರು.

"ಎಂತಕ್ಕೆ?"

"ಆ ಮೇಲ್ ಬಂದಿತ್ತಲ್ದಾ, ಪೆಟ್ಗಿ ತುಂಬಿತ್ತ್ ಅಂದೇಳಿ. ಅದ್ರಲ್ಲಿ ನಾ ಪಾಸ್‌ವರ್ಡ್ ಬರ್ದದ್ ಹೌದು. ಮತ್ತೆ ಸಂಶಯ ಬಂದ್ ಅಳ್ಸಿದೆ. ಅಳ್ಸುಕೆ ಮುಂಚೆ ಒತ್ತಿದ್ನೋ ಇಲ್ಯೋ ನೆನಪಿಲ್ಲ. ನೆನಪಿಲ್ದಿದ್ದದ್ರ ಮೇಲೆ ಆಣೆ ಹಾಕುದ್ ಹ್ಯಾಂಗೆ?"

"ನಾವೆಲ್ಲ ಹಾಕ್ಲಿಲ್ಯಾ?"

"ನಿಮ್ಗ್ ನೆನಪಿತ್ತ್. ನಂಗಿಲ್ಲ."

ಕೊಡೆಗಳ ಗುಂಪಿನಲ್ಲಿ ಗುಸುಗುಸು ಎದ್ದಿತು. ನಾನು, ಅವರು ಹೇಳುವುದು ಸರಿಯಾಗಿಯೇ ಇದೆ, ಒತ್ತಿದ್ದರೂ ಅದು ಮೋಸ ಹೋದದ್ದೇ ಹೊರತು ಕೊಟ್ಟದ್ದಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ದೈವದ ಎದುರು ಮಾತಿಗೆ ಮಾತು ಬೆಳೆಸಬೇಡ ಎಂದು ಯಾರೋ ಹಿಂದಿನಿಂದ ಗದರಿದರು. ಗಣಪಣ್ಣ ಕಾಯಿಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡು, ದೈವಕ್ಕೆ ಕೈ ಮುಗಿದು, ಮಳೆಯಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮರುದಿನದಿಂದ ಅವರು ಕೆಲಸಕ್ಕೆ ಬರುವುದು ಬೇಡವೆಂದಾಯಿತು. ಆಣೆಗೆ ಹೆದರಿದವನು ಅಂದರೆ ನಮ್ಮಲ್ಲಿ ಮತ್ತೆ ವಿಚಾರಣೆ ಇಲ್ಲ.

ಗಣಪಣ್ಣನ ಮೇಲ್ ವಿಳಾಸವನ್ನು ತೆಗೆದುಹಾಕಲು ವಾಸುದೇವಣ್ಣ ಹೇಳಿದರು. ಹಾಗೆಯೇ ಉಳಿದೆರಡು ಪಾಸ್‌ವರ್ಡ್‌ಗಳನ್ನೂ ಬದಲಿಸಿಬಿಡುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು. "ನಿಂದೂ ನಂದೂ ಬೊಬ್ಬರ್ಯನ ಎದ್ರ್ ತೊಳ್ದಾಯ್ತ್. ಮತ್ತೂ ಬದಲ್ಸುದಂದ್ರೆ ಯಾರ್ ಮೇಲ್ ಸಂಶಯ ನಿಂಗೆ? ನನ್ನ ಮೇಲಾ, ದೈವದ್ ಮೇಲಾ?" ಎಂದರು. ಡಿಪ್ಲೊಮಾದಲ್ಲಿ ಎಷ್ಟೋ ಬಗೆಯ ಅಪಾಯಗಳನ್ನು ಓದಿದ್ದೆ, ಆಣೆ ಹಾಕಿದ ಪಾಸ್‌ವರ್ಡನ್ನು ಬದಲಿಸಬಾರದು ಎಂಬ ಅಪಾಯ ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನದನ್ನು ನಾನು ಬದಲಿಸಿಕೊಂಡೆ. ಅವರದನ್ನು ಬದಲಿಸಿದರೆ ಅವರೇ ಒಳಗೆ ಹೋಗಲಾಗದೆ ಗೊತ್ತಾಗಿಬಿಡುತ್ತಿತ್ತು, ಆಗ ಆ ಕೋಣೆಯ ಕೀಲಿಕೈಯೂ ನನ್ನ ಕೈತಪ್ಪುತ್ತಿತ್ತು. ಅದರ ಬದಲು ಒಳಗೆ ಬಂದವರ ಗುರುತುಗಳನ್ನು ಅಳಿಸದಂತೆ ಬೇರೆ ಡಿಸ್ಕೊಂದನ್ನು ಹಾಕಿ, ಯಾರು ಬಂದರೂ ಪರದೆಯ ಮೇಲೆ ಕಾಣುವ ಹಾಗೆ ಮಾಡಿ, ಕಾದೆ.

ಆಸಾಡಿ ತಿಂಗಳ ಮಳೆಯೆಂದರೆ ಹಗಲಿಗೂ ದೀಪ ಹಾಕಬೇಕು. ಗಣಪಣ್ಣನ ಮೇಜು ಖಾಲಿ. ಸೀಸನ್ ಇಲ್ಲದ ಐಸ್ ಪ್ಲಾಂಟಿನಲ್ಲಿ ಯಂತ್ರದ ಸದ್ದೂ ಇಲ್ಲ. ಸರ್ವರಿನ ಫ್ಯಾನು, ಮಳೆ, ಎಲ್ಲೋ ಒಂದು ಪೈಪಿನಿಂದ ಜಿನುಗುವ ಅಮೋನಿಯ. ಪರದೆಯನ್ನು ನೋಡುತ್ತ ಕೂತರೆ ಯಾರೋ ಅತ್ತ ಕಡೆಯಿಂದ ನನ್ನನ್ನೂ ನೋಡುತ್ತಿದ್ದಾರೆ ಅನಿಸುತ್ತಿತ್ತು. ಕಡಲು ತೆರೆಯುವ ದಿನ ಹತ್ತಿರ ಬಂದ ಹಾಗೆ ಹೊರದೇಶದವರ ಮೇಲುಗಳು ಮತ್ತೆ ಶುರುವಾದವು, ಈ ಸಲ ಎಷ್ಟು ಸಿಗಬಹುದು, ಯಾವಾಗ ಕಳಿಸುತ್ತೀರಿ ಎಂದು. ಕಳ್ಳನಿಗೂ ಅದೇ ಸೀಸನ್ ಎಂದು ನನಗೆ ಆಗ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ವಾಸುದೇವಣ್ಣ ಒದ್ದೆ ಕೊಡೆಯನ್ನು ಬಾಗಿಲಿಗೆ ಒರಗಿಸಿ ಮೇಲೆ ಬಂದರು. ಚಾ ತರಿಸಿದರು. ಪ್ರಶಾಂತ ಈ ಸಲ ಹೊಸ ಬಲೆ ಮಾಡಿಸಿದ್ದಾನೆ, ಮೊದಲ ದಿನವೇ ಬೋಟಿನಾಳುಗಳಾದ ಕಲಾಸಿಗಳ ಜೊತೆ ತಾನೂ ಹೊರಡುತ್ತಾನಂತೆ, ಮದುವೆ ಗೊತ್ತಾದವನು ದಡದಲ್ಲಿ ಕೂರಬಾರದೇ ಎಂದು ಬೈಯುವ ನೆಪದಲ್ಲಿ ಹೆಮ್ಮೆಪಡುತ್ತಿದ್ದರು. ಮಗನೆಂದರೆ ಅವರಿಗೆ ಜೀವ. ನಾನು ಹೂಂಗುಟ್ಟುತ್ತ ಪರದೆಯ ಕಡೆ ನೋಡಿದೆ. ಅಲ್ಲಿ ವಾಸುದೇವಣ್ಣನ ಹೆಸರು ಬಂದಿತ್ತು. ನನ್ನೆದುರು ಕೂತು ಚಾ ಕುಡಿಯುತ್ತಿದ್ದವರು ಅದೇ ಹೊತ್ತಿಗೆ ಯಾವುದೋ ದೂರದ ದೇಶದಿಂದ ನಮ್ಮ ಸರ್ವರಿನ ಒಳಗೆ ಬಂದು ತಮ್ಮ ಮೇಲುಗಳನ್ನು ತೆರೆದು ಓದುತ್ತಿದ್ದರು.

"ವಾಸುದೇವಣ್ಣ, ನೀವ್ ಬೇರೆ ಎಲ್ಲಾದ್ರೂ ಮೇಲ್ ತೆಗ್ದಿಟ್ಟ್ ಬಂದಿದ್ರ್ಯಾ?"

"ಇಲ್ಲ. ಎಂತಕ್ಕೆ?"

"ನಿಮ್ಮ ಹೆಸ್ರಲ್ಲಿ ಒಬ್ಬ ಒಳ್ಗಿದ್ದ. ಕಾಣಿ."

ಅವರು ಎದ್ದು ಬಂದು ನನ್ನ ಹಿಂದೆ ನಿಂತರು. ಒಂದು ಮೇಲ್ ತೆರೆಯಿತು, ಮುಚ್ಚಿತು, ಮುಂದಿನದು ತೆರೆಯಿತು. ಅವಸರವೇ ಇರಲಿಲ್ಲ. ತನ್ನದೇ ಮನೆಯ ಪತ್ರ ಓದುವವನ ಹಾಗೆ ಒಂದೊಂದನ್ನೇ ಓದುತ್ತಿದ್ದ. ವಾಸುದೇವಣ್ಣ ಸಣ್ಣ ದನಿಯಲ್ಲಿ, "ಅವಂಗೆ ನಾವ್ ಕಾಂತ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಆದರೂ ಅವರು ಒಂದು ಹೆಜ್ಜೆ ಹಿಂದೆ ಸರಿದರು.

ನಾನು ಅವನನ್ನು ಹೊರಹಾಕಿದೆ, ಹೊರಗಿನ ಬಾಗಿಲನ್ನು ಮುಚ್ಚಿದೆ, ಕೇಳದೆಯೇ ವಾಸುದೇವಣ್ಣನ ಪಾಸ್‌ವರ್ಡ್ ಬದಲಿಸಿದೆ. ಎದೆಯೊಳಗೆ ಒಂದು ಸಂತೋಷವಿತ್ತು, ಸುಳ್ಳು ಹೇಳುವುದಿಲ್ಲ. ಗಣಪಣ್ಣನ ಹೆಸರಿಗೆ ಹತ್ತಿದ ಮಸಿ ಹೋಯಿತಲ್ಲ ಎಂಬ ಸಂತೋಷ. ತಿರುಗಿ ನೋಡಿದರೆ ವಾಸುದೇವಣ್ಣ ಕುರ್ಚಿಯಲ್ಲಿ ಕುಸಿದು ಕೂತಿದ್ದರು.

"ಆ ಪೆಟ್ಗಿ ತುಂಬಿತ್ತ್ ಅಂದೇಳಿ ಬಂದದ್ದ್, ಅದ್ ನೀನೇ ಕಳ್ಸಿದ್ದ್ ಅಂದ್ ಮಾಡಿದ್ದೆ" ಎಂದರು. "ಮುಂಬೈಯಲ್ಲಿ ಭಾವನ ಹೋಟ್ಲಲ್ಲಿ ಕೂಕಂಡ್ ಬರ್ದ್ ಒತ್ತಿದೆ. ಮತ್ತೆ ನೀ ಫೋನ್ ಮಾಡ್ದೆ. ಆಗ್ಳೇ ಮರ್ತೋಯ್ತ್. ಆಣೆ ಹಾಕುವಾಗ್ಳೂ ನೆನಪ್ ಬರ್ಲಿಲ್ಲ, ಬೊಬ್ಬರ್ಯನಾಣೆ, ನೆನಪ್..." ಅಲ್ಲಿಗೆ ಅವರಿಗೆ ತಾವು ಮತ್ತೆ ಆಣೆ ಹಾಕುತ್ತಿದ್ದೇವೆ ಎಂದು ಗೊತ್ತಾಗಿ ಮಾತು ನಿಂತಿತು. ಕಳ್ಳ, ಕಂಟೈನರು, ಹಣ ಯಾವುದೂ ಅವರ ನೆನಪಿನಲ್ಲಿದ್ದ ಹಾಗೆ ಕಾಣಲಿಲ್ಲ. "ಪ್ರಶಾಂತ ಕಡ್ಲಿಗ್ ಹೋಪುಕಿತ್ತಲ್ದಾ" ಎಂದರು.

ನಾನು ಗಣಪಣ್ಣನ ಮಾತೆತ್ತಿದೆ. "ಹೇಳ್ತೆ. ಎಲ್ಲರ ಎದ್ರೂ ಹೇಳ್ತೆ. ದೈವಕ್ಕೆ ತಪ್ಪು ಕಾಣಿಕೆ ಹಾಕಿ, ಗಣಪಣ್ಣನ ಮನಿಗೆ ಹೋಯಿ ನಾನೇ ಕರ್ಕಂಡ್ ಬತ್ತೆ. ಆರೆ ಈಗ ಬೇಡ. ಸುಳ್ಳ್ ಆಣೆ ಹಾಕಿದವನ ಬೋಟಿಗೆ ಯಾವ ಕಲಾಸಿ ಹತ್ತುದ್? ಸೀಸನ್ ಶುರು ಆಯ್ಲಿ" ಎಂದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ನಾನು ನಂಬಿದೆ.

ಕಡಲು ತೆರೆದ ದಿನ ಬೋಟುಗಳು ಪೂಜೆ ಮಾಡಿಸಿಕೊಂಡು ಸಾಲಾಗಿ ಅಳಿವೆ ದಾಟಿದವು. ಅಳಿವೆಯೆಂದರೆ ಹೊಳೆ ಕಡಲು ಸೇರುವ ಬಾಯಿ. ಮಳೆ ಪೂರ್ತಿ ನಿಲ್ಲದ ಆ ದಿನಗಳಲ್ಲಿ ಅಲ್ಲಿಯ ತೆರೆ ಬೋಟನ್ನು ಕವುಚಿ ಹಾಕಿದ ಕತೆ ಪ್ರತಿ ಮನೆಯಲ್ಲೂ ಇದೆ. ವಾಸುದೇವಣ್ಣ ದಡದಲ್ಲಿ ನಿಂತಿದ್ದರು. ಬೋಟು ಕಣ್ಣಿಗೆ ಕಾಣದಾದ ಮೇಲೂ ನಿಂತಿದ್ದರು. ಆಮೇಲೆ ಆಫೀಸಿಗೆ ಬಂದು ವೈರ್‌ಲೆಸ್ ಸೆಟ್ಟಿನ ಮುಂದೆ ಕೂತವರು ಊಟಕ್ಕೂ ಏಳಲಿಲ್ಲ. ಮೋಡ ಕಟ್ಟಿತು, ಗಾಳಿ ಎದ್ದಿತು. ಸೆಟ್ಟಿನಲ್ಲಿ ಬರೀ ಕರಕರ ಸದ್ದು. ನನಗೂ ಅದೇ ಹೆದರಿಕೆ. ದೈವ ಅಂದರೆ ಅಷ್ಟಕ್ಕಷ್ಟೇ ಎಂದುಕೊಂಡಿದ್ದ ನಾನು ಮಾಳಿಗೆಯ ಕೋಣೆಯ ಬಾಗಿಲು ಹಾಕಿಕೊಂಡು, ಆ ಹುಡುಗ ಕ್ಷೇಮವಾಗಿ ಬರಲಿ ಎಂದು ಕೈ ಮುಗಿದೆ.

ಬೋಟು ಬಂತು. ಬಂದದ್ದು ಮಾತ್ರವಲ್ಲ, ಆ ಸೀಸನ್ನಿನ ಮೊದಲ ದೊಡ್ಡ ಮೀನನ್ನು ತುಂಬಿಕೊಂಡು ಬಂತು. ಪ್ರಶಾಂತ ನಗುತ್ತ ಹಾರಿ ಇಳಿದ. ವಾಸುದೇವಣ್ಣ ಎಲ್ಲರೆದುರೇ ಅತ್ತುಬಿಟ್ಟರು, ನನಗೂ ಅಳು ಬಂತು. ಆಗ ನನ್ನ ಪಕ್ಕ ಬುಟ್ಟಿ ಹಿಡಿದು ನಿಂತಿದ್ದ ಮೀನು ಮಾರುವ ಗಿರಿಜಕ್ಕ ಇನ್ನೊಬ್ಬಳಿಗೆ ಹೇಳಿದಳು, "ಕಂಡ್ಯಾ? ಸತ್ಯದ ಆಣೆ ಹಾಕಿದವ್ರ ಬೋಟ್. ಗಣಪಣ್ಣನೇ ಕಳ್ಳ ಅಂಬುಕೆ ಇನ್ನೆಂತ ಸಾಕ್ಷಿ ಬೇಕ್?"

ನಾನು ಕೈ ಮುಗಿದು ಬೇಡಿಕೊಂಡದ್ದು ಏನು ಮಾಡಿತು ಎಂದು ನನಗೆ ಆ ಗಳಿಗೆಯಲ್ಲಿ ತಿಳಿಯಿತು. ಮಗನಿಗೆ ಏನೂ ಆಗಬಾರದಿತ್ತು, ಆಗಲಿಲ್ಲ. ಆದರೆ ಆ ಬೋಟು ಪ್ರತಿಸಲ ಕ್ಷೇಮವಾಗಿ ದಡ ಸೇರಿದಾಗಲೂ ಗಣಪಣ್ಣನ ಹೆಸರು ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಆ ವರ್ಷ ಒಂದು ಸಲವೂ ಅದು ಬರಿಗೈಯಲ್ಲಿ ಬರಲಿಲ್ಲ.

ನಾನು ಸುಮ್ಮನಿರಲಿಲ್ಲ. ಗಿರಿಜಕ್ಕನಿಗೆ ಅಲ್ಲೇ ಹೇಳಿದೆ, ಪಾಸ್‌ವರ್ಡ್ ಹೋದದ್ದು ಗಣಪಣ್ಣನಿಂದಲ್ಲ, ನಾನು ಕಣ್ಣಾರೆ ನೋಡಿದ್ದೇನೆ ಎಂದು. "ಬಾಯ್ ಮುಚ್ಚ್ ಹೆಣ್ಣೆ, ದೈವದ್ ವಿಷ್ಯ" ಎಂದು ಅವಳು ಸುತ್ತ ನೋಡಿದಳು. ಕಂಪನಿಯ ಡ್ರೈವರಿಗೆ ಹೇಳಿದೆ, ಅವನು ನಕ್ಕ. ವಾಸುದೇವಣ್ಣನನ್ನೇ ಹಿಡಿದು ಕೇಳಿದೆ. ಚೌತಿ ಕಳೆಯಲಿ ಎಂದರು. ನವರಾತ್ರಿ ಕಳೆಯಲಿ ಎಂದರು. ಮೊದಮೊದಲು ನನ್ನ ಕಣ್ಣು ತಪ್ಪಿಸುತ್ತಿದ್ದರು, ಆಮೇಲೆ ತಪ್ಪಿಸುವುದನ್ನೂ ಬಿಟ್ಟರು. ದೀಪಾವಳಿಯ ಹೊತ್ತಿಗೆ ಅವರೇ ನನ್ನನ್ನು ಕರೆದು ಕೂರಿಸಿ, ಬುದ್ಧಿ ಹೇಳುವವರ ಹಾಗೆ ಮೆತ್ತಗೆ ಮಾತಾಡಿದರು.

"ನೀನೇ ಯೋಚ್ನೆ ಮಾಡ್. ನಂದ್ ಸುಳ್ಳ್ ಆಣೆ ಆಗಿದ್ರೆ ಬೊಬ್ಬರ್ಯ ಬಿಡ್ತಿದ್ನಾ? ಮೊದ್ಲ್ ದಿನದ ಗಾಳಿ ನೀನೂ ಕಂಡಿದ್ದೆ ಅಲ್ದಾ? ನಿನ್ನ ಮಿಷನ್ನೇ ಎಂತದೋ ತಪ್ಪ್ ತೋರ್ಸಿಪ್ಪುಕ್ ಸಾಕ್."

"ನೀವೇ ಹೇಳಿದ್ರಿ ಅಲ್ದಾ, ಮುಂಬೈಯಲ್ಲಿ ಒತ್ತಿದೆ ಅಂದೇಳಿ?"

"ಹೆದ್ರಿಕೆಯಲ್ಲಿ ಎಂತದೋ ಹೇಳಿಪ್ಪೆ. ಒತ್ಲಿಲ್ಲ ಕಾಣ್. ಈಗ ಸರಿ ನೆನಪಾತ್ತ್."

ನಾಟಕ ಆಡುತ್ತಿದ್ದರೆ ನಾನು ಜಗಳವಾಡಿ ಬರಬಹುದಿತ್ತು. ಅವರ ಮುಖದಲ್ಲಿ ನಾಟಕವಿರಲಿಲ್ಲ, ನಿಶ್ಚಿಂತೆ ಇತ್ತು. ಅಷ್ಟು ಭಯ ನನಗೆ ಆ ಕಳ್ಳನನ್ನು ಕಂಡಾಗಲೂ ಆಗಿರಲಿಲ್ಲ. ಆ ವಾರವೇ ಕೆಲಸ ಬಿಟ್ಟೆ. ಕೋಣೆಯ ಕೀಲಿಕೈಯನ್ನೂ ಎಲ್ಲ ಪಾಸ್‌ವರ್ಡ್‌ಗಳನ್ನೂ ಪ್ರಶಾಂತನ ಕೈಗೆ ಒಪ್ಪಿಸಿ, ಎಲ್ಲವನ್ನೂ ಬದಲಿಸಿಕೋ ಎಂದು ಹೇಳಿ ಇಳಿದು ಬಂದೆ.

ಗಣಪಣ್ಣನಿಗೆ ಪಕ್ಷವಾತ ಹೊಡೆದ ಸುದ್ದಿ ಅದರ ಬೆನ್ನಿಗೇ ಬಂತು. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವರು ಅದನ್ನೇ ಮಾತಾಡುತ್ತಿದ್ದರು, ದೈವ ತಡ ಮಾಡಿದರೂ ಬಿಡಲಿಲ್ಲ ನೋಡಿ ಎಂದು. ನಾನು ತಿರುಗಿ, ಅವರಿಗೆ ಮೊದಲಿನಿಂದಲೂ ಬಿಪಿ ಇತ್ತು ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

ಬೈಂದೂರಿನ ಅವರ ಮನೆಗೆ ಹೋದೆ. ಹೆಂಡತಿ ಲಲಿತಕ್ಕ ಬಾಗಿಲು ತೆರೆದವರು ನನ್ನನ್ನು ಕಂಡು ಒಳಗೆ ಬಾ ಎನ್ನಲೂ ಹಿಂಜರಿದರು. ಮನೆಗೆ ಯಾರೂ ಬರುವುದಿಲ್ಲವಂತೆ. ಗಣಪಣ್ಣ ಜಗಲಿಯ ಒಳಗೆ ಕುರ್ಚಿಯಲ್ಲಿ ಕೂತಿದ್ದರು, ಬಲಗಡೆ ಪೂರ್ತಿ ಸೋತಿತ್ತು. ನಾನು ಅವರ ಕಾಲಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಆ ಮಧ್ಯಾಹ್ನ ಪರದೆಯ ಮೇಲೆ ಯಾರ ಹೆಸರು ಬಂತು, ವಾಸುದೇವಣ್ಣ ಅಂದು ಏನು ಒಪ್ಪಿಕೊಂಡರು, ತೆಗೆದುಹಾಕಿದ ಗಣಪಣ್ಣನ ವಿಳಾಸವನ್ನು ಹೊರಗಿನಿಂದ ಒಬ್ಬನೂ ಹುಡುಕಿ ತಟ್ಟಿದ ಗುರುತಿರಲಿಲ್ಲ, ಎಲ್ಲ. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನಾದರೂ ಅವರ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಕಣ್ಣು ತೆರೆದು ತೊದಲುತ್ತ ಕೇಳಿದರು.

"ವಾಸುದೇವಣ್ಣನ ಮಗ ಹುಷಾರಿದ್ನಾ?"

"ಹುಷಾರಿದ್ದ."

"ಬೋಟ್?"

"ಬೋಟಿಗೂ ಎಂತದೂ ಆಯ್ಲಿಲ್ಲ ಗಣಪಣ್ಣ."

ಅವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡಿದರು.

"ಹಂಗಾರೆ ನಾನೇ ಮಗಾ" ಎಂದರು. "ಕೊಟ್ಟದ್ದ್ ನಾನೇ."

ಅಲ್ಲ ಎಂದೆ. ಅವರ ಮೊಣಕಾಲು ಹಿಡಿದು ಮತ್ತೆ ಮತ್ತೆ ಅಲ್ಲ ಎಂದೆ. ಅವರು ನನಗೆ ಸಮಾಧಾನ ಹೇಳುವವರ ಹಾಗೆ ನಿಧಾನವಾಗಿ ತಲೆಯಾಡಿಸುತ್ತಿದ್ದರು.